ಹ್ಯಾಂಬರ್ಗಿಗೊಂದು ಲೇಬಲ್, ಹುಬ್ಬಳ್ಳಿಗೊಂದು

ಬೆಂಗಳೂರಿನ ಯಾವುದೋ ಮನೆಯ ಹಿತ್ತಲ ಶೆಡ್ಡಿನಲ್ಲಿ ಲ್ಯಾವೆಂಡರ್ ಪರಿಮಳದ ಮೇಣದಬತ್ತಿ ತಯಾರಾಗುತ್ತದೆ ಎಂದಿಟ್ಟುಕೊಳ್ಳಿ. ಗಾಜಿನ ಲೋಟದಲ್ಲಿ 200 ಗ್ರಾಂ ಸೋಯಾ ಮೇಣ, ನಡುವೆ ಹತ್ತಿಯ ಬತ್ತಿ, ಆ ತೂಕದಲ್ಲೇ ನೂರಕ್ಕೆ ಹತ್ತರಷ್ಟು ಸುಗಂಧ ತೈಲ. ಇದನ್ನು ಹುಬ್ಬಳ್ಳಿಯ ಅಂಗಡಿಗೆ ಕಳಿಸುವುದಾದರೆ ತಯಾರಕರ ಹೆಸರು ವಿಳಾಸ, ತೂಕ, ತಯಾರಾದ ತಿಂಗಳು, ಎಂಆರ್‌ಪಿ, ದೂರು ಹೇಳಲೊಂದು ಫೋನ್ ನಂಬರ್ ಹಾಕಿದರೆ ಲೇಬಲ್ಲಿನ ಕೆಲಸ ಬಹುಪಾಲು ಮುಗಿಯಿತು. ಇದೇ ಲೋಟ ಹ್ಯಾಂಬರ್ಗಿನ ಅಂಗಡಿಗೆ ಹೋಗುವುದಾದರೆ ಲೇಬಲ್ ಬೇರೆಯೇ ಆಗುತ್ತದೆ. ಒಳಗಿರುವ ಅಲರ್ಜಿಕಾರಕ ರಾಸಾಯನಿಕದ ಹೆಸರು ಜರ್ಮನ್ ಭಾಷೆಯಲ್ಲಿ ಇರಬೇಕು. ಕೆಂಪು ಅಂಚಿನ ವಜ್ರಾಕೃತಿಯೊಳಗೆ ಆಶ್ಚರ್ಯಸೂಚಕ ಚಿಹ್ನೆ, ಕೆಳಗೆ ‘ಎಚ್ಚರಿಕೆ’ ಎಂಬ ಪದ, ಚರ್ಮಕ್ಕೆ ಅಲರ್ಜಿಯಾಗಬಹುದು ಎಂಬ ಸಾಲು, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಸೂಚನೆ, 16 ಅಕ್ಷರ-ಅಂಕಿಗಳ ಒಂದು ಸಂಕೇತ, ಯುರೋಪಿನೊಳಗೆ ಇದಕ್ಕೆ ಉತ್ತರ ಕೊಡಬೇಕಾದವರ ಹೆಸರು ವಿಳಾಸ ಫೋನ್ ಎಲ್ಲವೂ ಬೇಕು.

ಬತ್ತಿ ಒಂದೇ, ಉಸಿರಾಡುವ ಮೂಗೂ ಮುಟ್ಟುವ ಕೈಯೂ ಎರಡೂ ಊರಲ್ಲಿ ಒಂದೇ. ಹಾಗಿರುವಾಗ ಒಬ್ಬ ಗ್ರಾಹಕನಿಗೆ ಹೇಳಲೇಬೇಕಾದ ಮಾತನ್ನು ಇನ್ನೊಬ್ಬನಿಗೆ ಹೇಳದೆ ಇರಬಹುದು ಎನ್ನುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಸುಗಂಧದ ಮೇಣದಬತ್ತಿಯ ಮೇಲೆ ಯುರೋಪು ಹೇರಿರುವ ರಾಸಾಯನಿಕ ಸುರಕ್ಷತೆಯ ನಿಯಮಗಳು ಅತಿಯಾದವು, ಸಣ್ಣವರ ಕುತ್ತಿಗೆ ಹಿಸುಕುವಂಥವು ಎಂಬ ದೂರು ನಮ್ಮ ರಫ್ತುದಾರರಲ್ಲೂ ಅಲ್ಲಿನ ಸಣ್ಣ ತಯಾರಕರಲ್ಲೂ ಇದೆ. ಆ ದೂರಿನಲ್ಲಿ ನಿಜವಾದ ಒಂದು ಭಾಗವಿದೆ, ಅದನ್ನು ಮುಂದೆ ನೋಡೋಣ. ಆದರೆ ನಿಯಮದ ಬೇರಿನಲ್ಲಿರುವ ವಿಚಾರ ಸರಿಯಾದದ್ದು. ನಮಗೆ ಬೇಕಾಗಿರುವುದೂ ಅದೇ.

ಆ ಬೇರು ಯಾವುದು? ಯುರೋಪಿನ ಒಕ್ಕೂಟ 2008ರಲ್ಲಿ ಮಾಡಿದ ಸಿಎಲ್‌ಪಿ ಎಂಬ ಕಾನೂನು ರಾಸಾಯನಿಕಗಳ ವರ್ಗೀಕರಣ, ಲೇಬಲ್ ಮತ್ತು ಪ್ಯಾಕಿಂಗಿಗೆ ಸಂಬಂಧಿಸಿದ್ದು. 2007ರಲ್ಲಿ ಜಾರಿಗೆ ಬಂದ ರೀಚ್ ಎಂಬುದು ಅದರ ಹಿರಿಯ ಸಂಗಾತಿ. ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ರಾಸಾಯನಿಕ ತಯಾರಿಸುವವರೂ ಆಮದು ಮಾಡುವವರೂ ಅದನ್ನು ನೋಂದಾಯಿಸಬೇಕು ಎನ್ನುತ್ತದೆ. ಈ ಕಾನೂನುಗಳ ಕಣ್ಣಿನಲ್ಲಿ ಸುಗಂಧದ ಮೇಣದಬತ್ತಿ ಅಲಂಕಾರದ ಸಾಮಾನು ಅಲ್ಲ. ಬತ್ತಿಯ ಸುತ್ತ ಗಟ್ಟಿಯಾಗಿ ನಿಂತಿರುವ ಒಂದು ರಾಸಾಯನಿಕ ಮಿಶ್ರಣ. ಮಿಶ್ರಣ ಎಂದಮೇಲೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಲೆಕ್ಕ ಬಂದೇ ಬರುತ್ತದೆ.

ಈ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು, ಏಕೆಂದರೆ ಕಾನೂನಿನ ವಿವೇಕ ಇರುವುದು ಇಲ್ಲೇ. ಲ್ಯಾವೆಂಡರ್ ಪರಿಮಳದ ಮುಖ್ಯ ಅಂಶಗಳಲ್ಲಿ ಲಿನಲೂಲ್ ಒಂದು. ನಾವು ಕೊಂಡ ಸುಗಂಧ ತೈಲದಲ್ಲಿ ನೂರಕ್ಕೆ 15ರಷ್ಟು ಲಿನಲೂಲ್ ಇದೆ ಎಂದುಕೊಳ್ಳೋಣ. 200 ಗ್ರಾಂ ಬತ್ತಿಯಲ್ಲಿ 20 ಗ್ರಾಂ ತೈಲ, ಅದರಲ್ಲಿ 3 ಗ್ರಾಂ ಲಿನಲೂಲ್. ಇಡೀ ಬತ್ತಿಗೆ ಹಿಡಿದರೆ ಶೇ 1.5. ಈ ಬಗೆಯ ಅಲರ್ಜಿಕಾರಕಕ್ಕೆ ಗೆರೆ ಇರುವುದು ಶೇ 1ರಲ್ಲಿ. ಗೆರೆ ದಾಟಿದ್ದರಿಂದ ಕೆಂಪು ಅಂಚಿನ ಚಿಹ್ನೆ ಬೀಳುತ್ತದೆ. ಅದೇ ತಯಾರಕ ತೈಲವನ್ನು ಹತ್ತರ ಬದಲು ಆರಕ್ಕೆ ಇಳಿಸಿದರೆ ಲಿನಲೂಲ್ ಶೇ 0.9 ಆಗುತ್ತದೆ. ಆಗ ಅದರ ಲೆಕ್ಕದಲ್ಲಿ ಚಿಹ್ನೆ ಬೇಡ, ‘ಲಿನಲೂಲ್ ಇದೆ, ಅಲರ್ಜಿ ಉಂಟುಮಾಡಬಹುದು’ ಎಂಬ ಒಂದು ಸಾಲು ಸಾಕು. ಶೇ 0.1ಕ್ಕಿಂತ ಕಡಿಮೆಯಾದರೆ ಅದೂ ಬೇಡ. ನಿಯಮ ಪರಿಮಳವನ್ನು ನಿಷೇಧಿಸುತ್ತಿಲ್ಲ. ಹೆಚ್ಚು ಹಾಕಿದವರು ಹೆಚ್ಚು ಹೇಳಬೇಕು, ಕಡಿಮೆ ಹಾಕಿದವರು ಕಡಿಮೆ ಹೇಳಿದರೆ ಸಾಕು ಎನ್ನುತ್ತಿದೆ, ಅಷ್ಟೇ. ಹಿಟ್ಟಿಗೆ ನೀರೆಷ್ಟು ಎಂದು ದಿನಾ ಅಂದಾಜಿಸುವ ಕೈಗೆ ಈ ಲೆಕ್ಕ ಕಷ್ಟದ್ದಲ್ಲ. ಆದರೆ ಅದಕ್ಕೊಂದು ಷರತ್ತಿದೆ: ತೈಲದಲ್ಲಿ ಲಿನಲೂಲ್ ಎಷ್ಟಿದೆ ಎಂದು ಮೊದಲು ಯಾರಾದರೂ ಬತ್ತಿ ಮಾಡುವವಳಿಗೆ ಹೇಳಿರಬೇಕು.

ಲಿನಲೂಲ್ ಎಂದರೆ ವಿಷವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಕೊತ್ತಂಬರಿ ಬೀಜದಲ್ಲಿದೆ, ನಮ್ಮ ಕಾಮಕಸ್ತೂರಿಯ ಜಾತಿಯ ಗಿಡಗಳಲ್ಲಿದೆ. ಆದರೆ ಗಾಳಿಗೆ ತೆರೆದುಕೊಂಡಾಗ ಅದು ಆಮ್ಲಜನಕದೊಂದಿಗೆ ಸೇರಿ ಹೈಡ್ರೊಪೆರಾಕ್ಸೈಡುಗಳಾಗುತ್ತದೆ, ಚರ್ಮವನ್ನು ಕೆರಳಿಸುವ ಮುಖ್ಯ ಅಪರಾಧಿಗಳು ಅವು. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನದೂ ಇದೇ ಕಥೆ. ಒಮ್ಮೆ ದೇಹ ಇಂಥ ವಸ್ತುವಿನ ಮೇಲೆ ಮುನಿದುಕೊಂಡರೆ ಆ ಮುನಿಸು ಸಾಮಾನ್ಯವಾಗಿ ಜೀವಮಾನದ್ದು. ಅದೇ ವಸ್ತು ಸೋಪು, ಶಾಂಪೂ, ಪಾತ್ರೆ ತೊಳೆಯುವ ದ್ರವಗಳಲ್ಲೂ ಇರುವುದರಿಂದ ಆಮೇಲೆ ತಪ್ಪಿಸಿಕೊಳ್ಳಬೇಕಾದರೆ ಹೆಸರು ತಿಳಿದಿರಬೇಕು. ‘ನಮ್ಮದು ಸಂಪೂರ್ಣ ನೈಸರ್ಗಿಕ’ ಎನ್ನುವ ಜಾಹೀರಾತು ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ನಿಂಬೆಹುಲ್ಲಿನ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಸಿಟ್ರಾಲ್, ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್, ಎರಡೂ ಅಲರ್ಜಿಕಾರಕಗಳ ಪಟ್ಟಿಯಲ್ಲಿರುವಂಥವೇ. ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ಚರ್ಮ ಕೇಳುವುದಿಲ್ಲ.

ಗಟ್ಟಿಯಾದ ಮೇಲೆ ಬತ್ತಿಯನ್ನು ಯಾರು ಅಷ್ಟು ಮುಟ್ಟುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕೊಂಡವರು ಹೆಚ್ಚು ಮುಟ್ಟುವುದಿಲ್ಲ. ಮುಟ್ಟುವವರು ತಯಾರಿಸುವವರು. ನೀರು ಬೆರೆಯದ, ಮೇಣ ಬೆರೆಯದ ಅಸಲು ತೈಲವನ್ನು ಬಾಟಲಿಯಿಂದ ಅಳೆದು ಸುರಿಯುವವರು, ಬಿಸಿ ಮೇಣದ ಮೇಲೆ ಬಗ್ಗಿ ಕದಡುವವರು, ಅಚ್ಚಿನಿಂದ ಬಿಡಿಸಿ ಅಂಚು ಕೆರೆಯುವವರು ಅವರೇ. ಸುಗಂಧ ತೈಲದ ಜೊತೆ ಬರಬೇಕಾದ ಸುರಕ್ಷತಾ ಮಾಹಿತಿ ಪತ್ರ, ಉದ್ಯಮದವರ ಬಾಯಲ್ಲಿ ಎಸ್‌ಡಿಎಸ್, ಹದಿನಾರು ವಿಭಾಗಗಳ ಒಂದು ಕಡತ. ಎರಡನೆಯದರಲ್ಲಿ ಅಪಾಯಗಳೇನು, ಮೂರನೆಯದರಲ್ಲಿ ಒಳಗೇನೇನಿದೆ, ನಾಲ್ಕನೆಯದರಲ್ಲಿ ಕಣ್ಣಿಗೆ ಬಿದ್ದರೆ ನುಂಗಿದರೆ ಏನು ಮಾಡಬೇಕು, ಎಂಟನೆಯದರಲ್ಲಿ ಯಾವ ಕೈಗವಸು ಹಾಕಬೇಕು ಎಂದಿರುತ್ತದೆ. ಗ್ರಾಹಕನ ಸಲುವಾಗಿ ಹೇರಿದ ಹೊರೆ ಎಂದು ತಯಾರಕರು ಗೊಣಗುವ ಈ ಕಾಗದದಿಂದ ಮೊದಲು ಉಳಿಯುವುದು ಅವರದೇ ಕೈ.

ಕಾನೂನು ಯಾಕೆ, ಉದ್ಯಮದವರೇ ಕೂತು ಒಂದು ಒಪ್ಪಂದಕ್ಕೆ ಬಂದರೆ ಸಾಲದೆ ಎಂಬ ವಾದವೂ ಇದೆ. ಇದಕ್ಕೆ ಅಮೆರಿಕದ ಸೀಸದ ಬತ್ತಿಯ ಚರಿತ್ರೆಗಿಂತ ಒಳ್ಳೆಯ ಉತ್ತರ ಬೇರೆ ಇಲ್ಲ. ಕರಗಿದ ಮೇಣದಲ್ಲಿ ಹತ್ತಿಯ ಬತ್ತಿ ಬಾಗಿ ಬೀಳದಿರಲಿ ಎಂದು ಅದರ ನಡುವೆ ತೆಳುವಾದ ಲೋಹದ ತಂತಿ ಇಡುವ ಪದ್ಧತಿಯಿತ್ತು. ಅಗ್ಗದ ತಂತಿ ಸೀಸದ್ದು. ಉರಿಯುವಾಗ ಸೀಸ ಗಾಳಿಗೆ ಸೇರುತ್ತದೆ, ಮಕ್ಕಳ ಮಿದುಳಿಗೆ ಸೀಸ ಏನು ಮಾಡುತ್ತದೆ ಎಂಬುದು ಆಗಲೇ ಗೊತ್ತಿತ್ತು. 1974ರಲ್ಲಿ ಅಲ್ಲಿನ ಮೇಣದಬತ್ತಿ ಉದ್ಯಮ ಸೀಸದ ತಂತಿಯನ್ನು ಬಿಡುತ್ತೇವೆ ಎಂದು ತಾನಾಗಿಯೇ ಒಪ್ಪಿಕೊಂಡಿತು. ಎಲ್ಲರೂ ನೆಮ್ಮದಿಯಾದರು. ಕಾಲು ಶತಮಾನ ಕಳೆದ ಮೇಲೆ ಪರೀಕ್ಷೆ ಮಾಡಿ ನೋಡಿದರೆ ಅಂಗಡಿಗಳಲ್ಲಿ, ಆಮದಾದ ಸರಕಿನಲ್ಲಿ, ಸೀಸದ ಬತ್ತಿ ಇನ್ನೂ ಇತ್ತು. ಕೊನೆಗೆ 2003ರಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕಾನೂನಾಗಿಯೇ ನಿಷೇಧ ತಂದಿತು: ಬತ್ತಿಯ ಲೋಹದಲ್ಲಿ ಸೀಸ ತೂಕದ ಶೇ 0.06ನ್ನು ಮೀರಬಾರದು. ಒಪ್ಪಂದ ಕಟ್ಟಿಹಾಕುವುದು ಒಪ್ಪಿಕೊಂಡವರನ್ನು ಮಾತ್ರ. ಹಡಗಿನಲ್ಲಿ ಬಂದಿಳಿಯುವ ಪೆಟ್ಟಿಗೆಗೆ ಆ ಮಾತು ತಾಗುವುದಿಲ್ಲ. ಹಾಗಾಗಿಯೇ ಇಂಥ ಕಾನೂನುಗಳು ಆಮದುದಾರನನ್ನು ತಯಾರಕನ ಸಮಕ್ಕೆ ನಿಲ್ಲಿಸುತ್ತವೆ. ಬೆಂಗಳೂರಿನ ಶೆಡ್ಡಿನವರನ್ನು ಜರ್ಮನಿಯ ಅಧಿಕಾರಿ ಹಿಡಿಯಲಾರ, ಅವರ ಮಾಲನ್ನು ಅಲ್ಲಿಗೆ ತರಿಸಿಕೊಂಡವನನ್ನು ಹಿಡಿಯಬಲ್ಲ. ಮ್ಯೂನಿಕ್‌ನಲ್ಲಿರುವ ಕನ್ನಡದ ಗೃಹಿಣಿಯೊಬ್ಬರು ದೀಪಾವಳಿ ಮಳಿಗೆಯಲ್ಲಿ ಮಾರೋಣವೆಂದು ಊರಿನಿಂದ ಎರಡು ಪೆಟ್ಟಿಗೆ ಸುಗಂಧದ ಬತ್ತಿ ತರಿಸಿಕೊಂಡರೆ ಕಾನೂನಿನ ಲೆಕ್ಕದಲ್ಲಿ ಅವರೇ ಆಮದುದಾರರು. ಲೇಬಲ್ಲಿನ ಹೊಣೆ ಅವರ ಹೆಗಲಿಗೆ.

ರಫ್ತುದಾರರು ಮುಂದಿಡುವ ಇನ್ನೊಂದು ತಕರಾರು ಗುಟ್ಟಿನದು. ಸುಗಂಧದ ವ್ಯಾಪಾರದಲ್ಲಿ ಸೂತ್ರವೇ ಆಸ್ತಿ. ಯಾವ ಎಣ್ಣೆಗೆ ಯಾವುದನ್ನು ಎಷ್ಟು ಸೇರಿಸಿದರು ಎಂಬುದನ್ನು ಮನೆಯ ಮಗನಿಗಲ್ಲದೆ ಹೊರಗಿನವರಿಗೆ ಹೇಳದ ಕುಟುಂಬಗಳಿವೆ. ಎಲ್ಲವನ್ನೂ ಲೇಬಲ್ ಮೇಲೆ ಬರೆದರೆ ನಾಳೆ ಪಕ್ಕದವನು ಅದನ್ನೇ ಮಾಡುತ್ತಾನೆ ಎಂಬ ಹೆದರಿಕೆ ಹುಸಿಯಲ್ಲ. ಆದರೆ ಲೇಬಲ್ ಕೇಳುವುದು ಗೆರೆ ದಾಟಿದ ಅಪಾಯಕಾರಿ ಪದಾರ್ಥಗಳ ಹೆಸರನ್ನು, ಪೂರ್ತಿ ಸೂತ್ರವನ್ನಲ್ಲ. ಮೇಲೆ ಹೇಳಿದ 16 ಅಕ್ಷರಗಳ ಸಂಕೇತ, ಯುಎಫ್‌ಐ ಎಂಬುದು, ಹುಟ್ಟಿದ್ದೂ ಗುಟ್ಟು, ಸುರಕ್ಷತೆ ಎರಡನ್ನೂ ಕಾಪಾಡಲಿಕ್ಕೇ. ಮಿಶ್ರಣದ ವಿವರ ವಿಷ ಮಾಹಿತಿ ಕೇಂದ್ರಕ್ಕೆ ಹೋಗುತ್ತದೆ, ಅಂಗಡಿಗೆ ಹೋಗುವುದಿಲ್ಲ. ಮಗು ಬತ್ತಿಯ ಚೂರು ನುಂಗಿದಾಗ ತಾಯಿ ಫೋನಿನಲ್ಲಿ ಆ ಸಂಕೇತ ಓದಿದರೆ ಅತ್ತಲಿನವರಿಗೆ ಒಳಗೇನಿದೆ ಎಂದು ತೆರೆಯ ಮೇಲೆ ಕಾಣುತ್ತದೆ. ಗ್ರಾಹಕರಿಗೆ ಮಾರುವ ಅಪಾಯಕಾರಿ ಮಿಶ್ರಣಗಳಿಗೆ ಈ ವ್ಯವಸ್ಥೆ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಸುಗಂಧ ತೈಲ ಮಾರಿದವನು ತನ್ನ ಸೂತ್ರವನ್ನು ತಾನೇ ನೇರವಾಗಿ ಕೇಂದ್ರಕ್ಕೆ ಸಲ್ಲಿಸಿ, ಬತ್ತಿ ಮಾಡುವವನಿಗೆ ಸಂಕೇತವನ್ನಷ್ಟೇ ಕೊಡುವ ದಾರಿಯೂ ಇದೆ. ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ವೈದ್ಯನಿಗೆ ಮಾತ್ರ ತಿಳಿಯುತ್ತದೆ.

ಇಂಥ ಮಾಹಿತಿಯ ಬೆಲೆ ಏನೆಂದು ನಮ್ಮ ದೇಶಕ್ಕಿಂತ ಚೆನ್ನಾಗಿ ಬಲ್ಲವರಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿದಾಗ ಆಸ್ಪತ್ರೆಗೆ ನುಗ್ಗಿ ಬಂದ ಸಾವಿರಾರು ಜನರಿಗೆ ಚಿಕಿತ್ಸೆ ಕೊಡಬೇಕಾಗಿದ್ದ ವೈದ್ಯರ ಕೈಯಲ್ಲಿ, ಸೋರಿದ್ದೇನು, ಅದಕ್ಕೆ ಮದ್ದೇನು ಎಂಬ ಬಗ್ಗೆ ನೆಚ್ಚಬಹುದಾದ ಮಾಹಿತಿ ಇರಲಿಲ್ಲ. ಆ ದುರಂತವನ್ನು ಮೇಣದಬತ್ತಿಗೆ ಹೋಲಿಸುವುದು ಸತ್ತವರಿಗೆ ಮಾಡುವ ಅವಮಾನವಾದೀತು, ನಾನು ಹೋಲಿಸುತ್ತಿಲ್ಲ. ಅದರಿಂದ ನಾವು ಕಲಿತದ್ದು ಅರ್ಧ ಪಾಠ ಎನ್ನುವುದು ನನ್ನ ಮಾತು. 1989ರಲ್ಲಿ ಬಂದ ನಮ್ಮ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳ ಕಣ್ಣು ಇರುವುದು ಬೆಂಕಿ, ಸ್ಫೋಟ, ವಿಷಾನಿಲದ ದೊಡ್ಡ ಅಪಘಾತಗಳ ಮೇಲೆ. ಕಾರ್ಖಾನೆಯ ಟ್ಯಾಂಕು ಅದಕ್ಕೆ ಕಾಣುತ್ತದೆ, ಕಪಾಟಿನ ಬಾಟಲಿ ಕಾಣುವುದಿಲ್ಲ. ಎಲ್ಲ ರಾಸಾಯನಿಕಗಳನ್ನೂ ಒಂದು ಚೌಕಟ್ಟಿಗೆ ತರುವ ಹೊಸ ನಿಯಮಗಳು ಕರಡಿನ ಹಂತದಲ್ಲೇ ನಿಂತಿವೆ. 1995ರಿಂದ ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಆದರೆ ಹುಬ್ಬಳ್ಳಿಯ ತಾಯಿ ಅಲ್ಲಿಗೆ ಫೋನ್ ಮಾಡಿದರೂ ಓದಿ ಹೇಳಲು ಅವಳ ಕೈಯಲ್ಲಿರುವ ಡಬ್ಬಿಯ ಮೇಲೆ ಎಂಆರ್‌ಪಿ ಬಿಟ್ಟರೆ ಏನಿರುತ್ತದೆ?

ಈಗ ದೂರಿನ ನಿಜವಾದ ಭಾಗಕ್ಕೆ ಬರೋಣ. ಹನ್ನೆರಡು ಪರಿಮಳ, ಮೂರು ಅಳತೆಯ ಲೋಟ ಇಟ್ಟುಕೊಂಡ ಒಬ್ಬ ಸಣ್ಣ ತಯಾರಕಿಗೆ ಮೂವತ್ತಾರು ಲೇಬಲ್ ಬೇಕು. ಫ್ರಾನ್ಸಿಗೆ ಫ್ರೆಂಚ್, ಸ್ಪೇನಿಗೆ ಸ್ಪ್ಯಾನಿಷ್. ತೈಲ ಪೂರೈಸುವವರು ಸೂತ್ರವನ್ನು ಕೊಂಚ ಬದಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ. ಚಿಹ್ನೆ ಲೇಬಲ್ಲಿನ ಹದಿನೈದನೆಯ ಒಂದು ಭಾಗಕ್ಕೂ ಒಂದು ಚದರ ಸೆಂಟಿಮೀಟರಿಗೂ ಕಡಿಮೆಯಾಗುವಂತಿಲ್ಲ, ಸುತ್ತಲಿನ ಬರಹಕ್ಕೆ ಜಾಗ ಸಾಲುವುದಿಲ್ಲ. ಕೆಲವು ಸುಗಂಧಗಳಿಗೆ ಸತ್ತ ಮೀನು, ಒಣಗಿದ ಮರದ ಚಿಹ್ನೆಯೂ ಬೀಳುತ್ತದೆ. ಜಲಚರಗಳಿಗೆ ಹಾನಿ ಎಂದು ಅದರ ಅರ್ಥ, ಕೊಳ್ಳುವವರಿಗೆ ಅದು ಮನೆಯೊಳಗಿನ ಭಯವಾಗಿ ಕಾಣುತ್ತದೆ. ಇದರ ಮೇಲೆ 2024ರ ಡಿಸೆಂಬರ್ 13ರಿಂದ ಯುರೋಪಿನ ಹೊಸ ಉತ್ಪನ್ನ ಸುರಕ್ಷತಾ ನಿಯಮ, ಹೊರಗಿನಿಂದ ಮಾರುವವರಿಗೆ ಯುರೋಪಿನೊಳಗೊಬ್ಬ ಹೊಣೆಗಾರ ಬೇಕೆಂದು ಹೇಳಿತು. ಆನ್‌ಲೈನಿನಲ್ಲಿ ಹತ್ತಿಪ್ಪತ್ತು ಲೋಟ ಮಾರುತ್ತಿದ್ದ ಎಷ್ಟೋ ಜನ ಯುರೋಪಿಗೆ ಕಳಿಸುವುದನ್ನೇ ನಿಲ್ಲಿಸಿಬಿಟ್ಟರು.

ಈ ನಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಪರಿಹಾರ ನಿಯಮ ಸಡಿಲಿಸುವುದಲ್ಲ, ಹೊಣೆಯನ್ನು ಅದು ಸೇರಬೇಕಾದ ಕಡೆಗೆ ಸರಿಸುವುದು. ಮಿಶ್ರಣದ ವಿವರ ಗೊತ್ತಿರುವುದು ಸುಗಂಧ ತೈಲ ತಯಾರಿಸಿದವನಿಗೆ. ಬತ್ತಿ ಹೊಯ್ಯುವವಳು ಅದನ್ನು ಕಂಡುಹಿಡಿಯಲಾರಳು, ಹಿಡಿಯಬೇಕಾಗಿಯೂ ಇರಬಾರದು. ಬ್ರಿಟನ್ನಿನ ಅನೇಕ ತೈಲ ವ್ಯಾಪಾರಿಗಳು ಅಸಲು ತೈಲಕ್ಕೊಂದು, ಶೇ 10ಕ್ಕೊಂದು, ಇನ್ನೂ ಕಡಿಮೆ ಪ್ರಮಾಣಕ್ಕೊಂದು ಎಂದು ಮಾಹಿತಿ ಪತ್ರಗಳನ್ನು ಸಿದ್ಧಮಾಡಿಯೇ ಕೊಡುತ್ತಾರೆ. ಕೊಂಡವರು ಅದನ್ನು ಲೇಬಲ್ಲಿಗೆ ಇಳಿಸಿಕೊಂಡರೆ ಆಯಿತು. ಇದು ಔದಾರ್ಯದಿಂದ ಬಂದದ್ದಲ್ಲ, ಕಾನೂನಿರುವ ಮಾರುಕಟ್ಟೆಯಲ್ಲಿ ಪತ್ರವಿಲ್ಲದ ತೈಲ ಯಾರಿಗೂ ಬೇಡವಾಗುತ್ತದೆ. ನಮ್ಮ ಪೇಟೆಯಲ್ಲಿ ದೊಡ್ಡ ಕ್ಯಾನಿನಿಂದ ಅರ್ಧ ಲೀಟರಿನ ಬಾಟಲಿಗೆ ಸುರಿದು ಮೇಲೆ ‘ರೋಸ್’ ಎಂದು ಮಾರ್ಕರಿನಲ್ಲಿ ಗೀಚಿ ಕೊಟ್ಟರೆ ವ್ಯವಹಾರ ಮುಗಿಯುತ್ತದೆ. ಸರಪಳಿ ತುಂಡಾಗುವುದು ಆ ಬಾಟಲಿಯಲ್ಲೇ. ಅಲ್ಲಿಂದ ಮುಂದೆ ಎಂಥ ಪ್ರಾಮಾಣಿಕ ತಯಾರಕಿಯೂ ಸತ್ಯ ಹೇಳಲಾರಳು, ಏಕೆಂದರೆ ಸತ್ಯ ಅವಳಿಗೆ ತಲುಪಿಯೇ ಇಲ್ಲ.

ಹಳೆಯ ಪತ್ರವೂ ಸಾಲದು. ಲಿಲಿಯಲ್ ಎಂಬ ಸುಗಂಧ ದ್ರವ್ಯ ದಶಕಗಳ ಕಾಲ ಹೂವಿನ ಪರಿಮಳಗಳ ಬೆನ್ನೆಲುಬಾಗಿತ್ತು. ಸಂತಾನಶಕ್ತಿಗೆ ಹಾನಿ ಎಂಬ ವರ್ಗಕ್ಕೆ ಅದನ್ನು ಸೇರಿಸಿದ ಯುರೋಪು 2022ರ ಮಾರ್ಚ್ 1ರಿಂದ ಸೌಂದರ್ಯ ಸಾಧನಗಳಲ್ಲಿ ಪೂರ್ತಿ ನಿಷೇಧಿಸಿತು. ಮೇಣದಬತ್ತಿಯಂಥ ಮಿಶ್ರಣದಲ್ಲಿ ಶೇ 0.3 ಮುಟ್ಟಿದರೆ ಜನರಿಗೆ ಮಾರುವಂತಿಲ್ಲ. 2019ರ ಪತ್ರ ಹಿಡಿದು ಕೂತವರಿಗೆ ಇದು ಗೊತ್ತಾಗುವುದು ಹೇಗೆ?

ಲೇಬಲ್ಲಿನಿಂದಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಅದಕ್ಕೆ ದೀಪದ ಎಣ್ಣೆಯ ಪ್ರಕರಣ ಸಾಕ್ಷಿ. ಜರ್ಮನಿ ಮುಂತಾದ ಕಡೆ ಅಲಂಕಾರದ ದೀಪಗಳಿಗೆ ಪೆಟ್ರೋಲಿಯಂ ಮೂಲದ ತೆಳುವಾದ ಎಣ್ಣೆಯನ್ನು ಕೆಂಪು, ಹಸಿರು ಬಣ್ಣ ಕಟ್ಟಿ, ಸುಗಂಧ ಬೆರೆಸಿ ಮಾರುತ್ತಿದ್ದರು. ನೋಡಲು ಥೇಟು ಹಣ್ಣಿನ ರಸ. ಮಕ್ಕಳು ಕುಡಿದರು. ಇಂಥ ತೆಳು ಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಅಪಾಯ. ಒಂದು ಗುಟುಕು ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶ ಉರಿದು ಊದಿಕೊಳ್ಳುತ್ತದೆ. ಮಕ್ಕಳು ಸತ್ತದ್ದೂ ಉಂಟು. ಎಚ್ಚರಿಕೆಯ ಬರಹ ಓದಲು ಬಾರದ ವಯಸ್ಸಿನವರಿಗೆ ಎಚ್ಚರಿಕೆ ಬರೆದು ಪ್ರಯೋಜನವಿಲ್ಲ ಎಂದು ಅರಿತ ಯುರೋಪು ಬಣ್ಣವನ್ನೂ ಸುಗಂಧವನ್ನೂ ತೆಗೆಯಿಸಿತು. ಬಣ್ಣ ತೆಗೆದದ್ದೂ ಸಾಲದೆಂದು ಆಮೇಲೆ ಒಂದು ಲೀಟರಿಗೆ ಮೀರದ ಕಪ್ಪು, ಅಪಾರದರ್ಶಕ ಡಬ್ಬಿಯಲ್ಲೇ ಮಾರಬೇಕು, ಒಂದು ಗುಟುಕು ಅಥವಾ ಬತ್ತಿ ಚೀಪಿದರೂ ಪ್ರಾಣಾಪಾಯ ಎಂದು ದೊಡ್ಡವರಿಗೆ ಬರೆದಿಡಬೇಕು ಎಂದಿತು. ಮಾಹಿತಿ ಕೆಲಸ ಮಾಡುವ ಕಡೆ ಮಾಹಿತಿ, ಮಾಡದ ಕಡೆ ನಿಷೇಧ. ಈ ವಿವೇಚನೆ ನನಗೆ ಮೆಚ್ಚುಗೆ.

ನಮ್ಮ ದೀಪಾವಳಿಯ ಮಾರುಕಟ್ಟೆಯನ್ನು ಇದೇ ಕಣ್ಣಿನಿಂದ ನೋಡಿ. ಪುಟ್ಟ ಗಾಜಿನ ಬಟ್ಟಲಿನಲ್ಲಿ ಕಿತ್ತಳೆ ಬಣ್ಣದ ಲಡ್ಡು, ಮೇಲೊಂದು ಪಿಸ್ತಾ ಚೂರು, ಏಲಕ್ಕಿ ಕೇಸರಿಯ ವಾಸನೆ; ಎಲ್ಲವೂ ಮೇಣ. ತಟ್ಟೆಯಲ್ಲಿ ನಿಜವಾದ ಲಡ್ಡುವಿನ ಪಕ್ಕದಲ್ಲೇ ಇಡುವ ಉಡುಗೊರೆ ಅದು. ತಿಂಡಿಯಂತೆ ಕಂಡು ಮಕ್ಕಳನ್ನು ಮೋಸಗೊಳಿಸುವ ಅಪಾಯಕಾರಿ ವಸ್ತುಗಳನ್ನು ಯುರೋಪು 1987ರಷ್ಟು ಹಿಂದೆಯೇ ತಡೆದಿದೆ. ಮೂರು ವರ್ಷದ ಮಗು ಅದನ್ನು ಬಾಯಿಗಿಟ್ಟರೆ ತಪ್ಪು ಮಗುವಿನದಲ್ಲ, ಕಣ್ಣು ತಪ್ಪಿಸಿದ ತಾಯಿಯದೂ ಅಲ್ಲ. ಹಾಗೆ ಮಾಡಿ ಮಾರಿದವರದು, ಮಾರಲು ಬಿಟ್ಟವರದು.

ನಿಯಮ ಇನ್ನೂ ಮುಟ್ಟದ ಒಂದು ಜಾಗವನ್ನೂ ಹೇಳಬೇಕು. ಮೇಲಿನ ಲೆಕ್ಕವೆಲ್ಲ ಹೊತ್ತಿಸದ ಬತ್ತಿಯದು. ಉರಿಯುವಾಗ ಬರುವ ಮಸಿ, ಸೂಕ್ಷ್ಮ ಕಣ, ಫಾರ್ಮಾಲ್ಡಿಹೈಡ್ ಈ ವರ್ಗೀಕರಣದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಮಾನದಂಡಗಳಿವೆ, ಅವು ಲೇಬಲ್ಲಿನಷ್ಟು ಬಿಗಿಯಾಗಿಲ್ಲ. ಬತ್ತಿಯನ್ನು ಕೊಳ್ಳುವುದು ಉರಿಸಲಿಕ್ಕೆ. ಕಾನೂನು ಇನ್ನೂ ನಡೆಯಬೇಕಾದ ದಾರಿ ಅಲ್ಲಿದೆ.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. 1916ರಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಕಟ್ಟಿದ ನಾಡು ಇದು, ಮೈಸೂರು ಬೆಂಗಳೂರಿನ ಅಗರಬತ್ತಿ ಜಗತ್ತಿನ ಮೂಲೆಮೂಲೆಗೆ ಹೋಗುತ್ತದೆ. ಯುರೋಪಿಗೆ ಕಳಿಸುವ ದೊಡ್ಡ ಸಂಸ್ಥೆಗಳು ಈ ಲೆಕ್ಕವನ್ನೆಲ್ಲ ಎಂದೋ ಕಲಿತಿವೆ, ಅವರಿಗೆ ವಿದ್ಯೆಯ ಕೊರತೆಯಿಲ್ಲ. 2025ರ ಕೊನೆಯಲ್ಲಿ ಭಾರತೀಯ ಮಾನಕ ಬ್ಯೂರೊ ಅಗರಬತ್ತಿಗೆಂದೇ ಒಂದು ಮಾನದಂಡ ಹೊರಡಿಸಿ ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್‌ನಂಥ ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧ ಮೂಲದ್ರವ್ಯಗಳನ್ನೂ ಬಳಸಬಾರದು ಎಂದದ್ದು ಒಳ್ಳೆಯ ಹೆಜ್ಜೆ. ಸುಗಂಧದ ಮೇಣದಬತ್ತಿಗೂ ಅಂಥದ್ದೊಂದು ಬೇಕು. ಅದರ ಜೊತೆಗೆ ಸುಗಂಧ ತೈಲ ಎಷ್ಟೇ ಸಣ್ಣ ಬಾಟಲಿಯಲ್ಲಿ ಕೈ ಬದಲಾದರೂ ಮಾಹಿತಿ ಪತ್ರ ಜೊತೆಗಿರಬೇಕೆಂಬ ಕಡ್ಡಾಯವೂ ಬರಬೇಕು. ಹಸಿ ಅಗರಬತ್ತಿಯನ್ನು ಸೆಂಟಿನಲ್ಲಿ ಅದ್ದಿ ತೆಗೆಯುವ ಹೆಂಗಸಿನ ಬೆರಳಿಗೆ ಆ ಪತ್ರದ ಎಂಟನೆಯ ವಿಭಾಗ ತಲುಪಬೇಕಾದರೆ ಅದು ಕನ್ನಡದಲ್ಲಿರಬೇಕು. ಹ್ಯಾಂಬರ್ಗಿನ ಗ್ರಾಹಕನಿಗೆ ಜರ್ಮನ್‌ನಲ್ಲೇ ಬರೆದುಕೊಡುವ ಸಂಸ್ಥೆಗೆ ಇದು ಭಾರವಾಗಲಾರದು.

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮನೆಯಲ್ಲಿ ಬತ್ತಿ ಮಾಡಿ ಮಾರುವವರು ಮುಂದಿನ ಸಲ ತೈಲ ಕೊಳ್ಳುವಾಗ ವ್ಯಾಪಾರಿಯನ್ನು ಕೇಳಬಹುದು: ಇದರ ಎಸ್‌ಡಿಎಸ್ ಕೊಡಿ, ಅದು ಯಾವ ವರ್ಷದ್ದು, ಮೂರನೆಯ ವಿಭಾಗದಲ್ಲಿ ಪ್ರಮಾಣ ಬರೆದಿದೆಯೇ? ಕೊಡಲು ಒಪ್ಪದವನ ತೈಲವನ್ನು ಅಲ್ಲೇ ಬಿಟ್ಟು ಮುಂದಿನ ಅಂಗಡಿಗೆ ಹೋಗಬಹುದು.